ಯಕೃತ್ ಕಸಿ: ಐದು ಸೆಂಟಿಮೀಟರ್ ಗೆರೆಯ ಹಿಂದಿನ ಕಥೆ

ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ನಗರದಲ್ಲಿ 1967ರ ಜುಲೈ 23ರಂದು ಹತ್ತೊಂಬತ್ತು ತಿಂಗಳ ಹೆಣ್ಣುಮಗುವೊಂದಕ್ಕೆ ದೊಡ್ಡ ಶಸ್ತ್ರಚಿಕಿತ್ಸೆ ನಡೆಯಿತು. ಮಗುವಿನ ಯಕೃತ್ತಿನಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದಿತ್ತು. ಡಾ. ಥಾಮಸ್ ಸ್ಟಾರ್ಜಲ್ ಮತ್ತು ಅವರ ಸಂಗಡಿಗರು ಆ ಯಕೃತ್ತನ್ನು ಪೂರ್ತಿಯಾಗಿ ಹೊರತೆಗೆದು, ಮೃತ ದಾನಿಯ ಯಕೃತ್ತನ್ನು ಅದೇ ಜಾಗದಲ್ಲಿ ಜೋಡಿಸಿದರು. ಮಗು ಬದುಕಿತು. ಹೊಸ ಯಕೃತ್ತು ಕೆಲಸ ಮಾಡಿತು. ಜಗತ್ತಿನಲ್ಲಿ ಯಕೃತ್ ಕಸಿ ಮಾಡಿಸಿಕೊಂಡು ದೀರ್ಘಕಾಲ ಬದುಕಿದ ಮೊದಲ ವ್ಯಕ್ತಿ ಎಂದು ವೈದ್ಯಕೀಯ ಇತಿಹಾಸ ಆ ಮಗುವನ್ನು ಗುರುತಿಸುತ್ತದೆ. ಆದರೆ ಆ ದೀರ್ಘಕಾಲವೆಂದರೆ 400 ದಿನ ಮಾತ್ರ. ಮಗುವನ್ನು ಕೊನೆಗೆ ಬಲಿ ತೆಗೆದುಕೊಂಡದ್ದು ಕಸಿಯ ವೈಫಲ್ಯವಲ್ಲ. ಕಿತ್ತು ಹಾಕಿದ್ದರೆಂದುಕೊಂಡಿದ್ದ ಕ್ಯಾನ್ಸರೇ ದೇಹದ ಬೇರೆ ಕಡೆಗಳಲ್ಲಿ ಮರಳಿ ಹುಟ್ಟಿತ್ತು.

ಕಸಿ ಚಿಕಿತ್ಸೆಯ ಮೊದಲ ಗೆಲುವಿನಲ್ಲಿಯೇ ಅದರ ದೊಡ್ಡ ತೊಡಕೂ ಅಡಗಿತ್ತು. ಯಕೃತ್ತನ್ನು ಬದಲಾಯಿಸಬಹುದು, ದೇಹದಲ್ಲಿ ಅದಾಗಲೇ ಹರಡಿರುವ ಕ್ಯಾನ್ಸರನ್ನು ಬದಲಾಯಿಸುವುದು ಹೇಗೆ? ಅಂದಿನಿಂದ ಇಂದಿನವರೆಗಿನ ಯಕೃತ್ ಕ್ಯಾನ್ಸರ್ ಮತ್ತು ಪಿತ್ತನಾಳ ಕ್ಯಾನ್ಸರಿನ ಕಸಿ ಚಿಕಿತ್ಸೆಯ ಚರಿತ್ರೆಯೆಲ್ಲ ಒಂದು ಲೆಕ್ಕದಲ್ಲಿ ಈ ಪ್ರಶ್ನೆಯ ಸುತ್ತಲೇ ತಿರುಗಿದೆ. ಶಸ್ತ್ರಚಿಕಿತ್ಸಕರು ಹೊಲಿಯುವುದನ್ನು ಬೇಗ ಕಲಿತರು. ಯಾರಿಗೆ ಕಸಿ ಮಾಡಬೇಕು, ಯಾರಿಗೆ ಮಾಡಬಾರದು ಎಂಬುದನ್ನು ಕಲಿಯಲು ಮೂವತ್ತು ವರ್ಷ ಹಿಡಿಯಿತು.

ಶಾಲೆಯ ಪುಸ್ತಕದಲ್ಲಿ ಪಿತ್ತಜನಕಾಂಗ, ಜನರ ಬಾಯಲ್ಲಿ ಲಿವರ್ ಎನಿಸಿಕೊಂಡಿರುವ ಯಕೃತ್ತು ಹೊಟ್ಟೆಯ ಬಲಭಾಗದ ಮೇಲ್ತುದಿಯಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಇರುತ್ತದೆ. ಕರುಳಿನಿಂದ ಬರುವ ರಕ್ತವೆಲ್ಲ ಮೊದಲು ಇಲ್ಲಿಗೇ ಬಂದು ಶುದ್ಧವಾಗಬೇಕು. ಪಿತ್ತರಸ ಇಲ್ಲಿ ಹುಟ್ಟಿ ಸಣ್ಣ ಸಣ್ಣ ನಾಳಗಳ ಮೂಲಕ ಕರುಳನ್ನು ಸೇರುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಬಹುಪಾಲು ಸಾಮಗ್ರಿಯೂ ಇಲ್ಲಿಯೇ ತಯಾರಾಗುತ್ತದೆ. ಮೂತ್ರಪಿಂಡ ಕೆಟ್ಟರೆ ಡಯಾಲಿಸಿಸ್ ಯಂತ್ರದ ನೆರವಿನಿಂದ ವರ್ಷಗಟ್ಟಲೆ ಬದುಕಬಹುದು. ಯಕೃತ್ತಿನ ಕೆಲಸವನ್ನು ಹಾಗೆ ವರ್ಷಗಟ್ಟಲೆ ಮಾಡಬಲ್ಲ ಯಂತ್ರ ಇನ್ನೂ ಬಂದಿಲ್ಲ.

ಯಕೃತ್ತಿಗೆ ಇನ್ನೊಂದು ವಿಶೇಷ ಗುಣವಿದೆ. ಆರೋಗ್ಯವಂತ ಯಕೃತ್ತಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕತ್ತರಿಸಿದರೂ ಉಳಿದದ್ದು ಕೆಲವೇ ತಿಂಗಳಲ್ಲಿ ಹಿಗ್ಗಿ ಬೆಳೆಯುತ್ತದೆ. ಹಾಗಿದ್ದರೆ ಕ್ಯಾನ್ಸರ್ ಗಡ್ಡೆ ಇರುವ ಭಾಗವನ್ನಷ್ಟೇ ಕತ್ತರಿಸಿ ತೆಗೆದರೆ ಸಾಲದೆ? ಎಷ್ಟೋ ರೋಗಿಗಳಿಗೆ ಸಾಲುತ್ತದೆ. ಆದರೆ ಯಕೃತ್ತಿನ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಆರೋಗ್ಯವಂತ ಯಕೃತ್ತಿನಲ್ಲಿ ಅಲ್ಲ. ಹೆಪಟೈಟಿಸ್ ಬಿ ಅಥವಾ ಸಿ ವೈರಸ್ಸು, ಮದ್ಯ, ಬೊಜ್ಜು ಮುಂತಾದ ಕಾರಣಗಳಿಂದ ವರ್ಷಾನುಗಟ್ಟಲೆ ಗಾಯಗೊಂಡು, ಗಟ್ಟಿಯಾಗಿ, ಗಂಟುಗಂಟಾದ ಯಕೃತ್ತಿನಲ್ಲಿ ಅದು ತಲೆಯೆತ್ತುತ್ತದೆ. ಈ ಸ್ಥಿತಿಗೆ ಸಿರೋಸಿಸ್ ಎಂದು ಹೆಸರು. ಅಂಥ ಯಕೃತ್ತನ್ನು ಕತ್ತರಿಸಿದರೆ ಉಳಿದ ಭಾಗ ಬೆಳೆಯುವುದಿಲ್ಲ, ಕೆಲವೊಮ್ಮೆ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಬೆಳೆದರೂ ಅದೇ ಹಾಳು ನೆಲದಲ್ಲಿ ಮತ್ತೊಂದು ಗಡ್ಡೆ ಮೊಳೆಯುತ್ತದೆ. ಹೊಲವೇ ಕೆಟ್ಟ ಮೇಲೆ ಒಂದು ಕಳೆ ಕಿತ್ತು ಏನು ಪ್ರಯೋಜನ? ಕಳೆಯ ಜೊತೆಗೆ ಹೊಲವನ್ನೂ ಬದಲಾಯಿಸುವುದೇ ಕಸಿ. ಕೇಳಲು ಇದಕ್ಕಿಂತ ಸರಳವಾದ ತರ್ಕ ಇನ್ನೊಂದಿಲ್ಲ. ಮೊದಲ ತಲೆಮಾರಿನ ಶಸ್ತ್ರಚಿಕಿತ್ಸಕರನ್ನು ಸೆಳೆದದ್ದೂ, ದಾರಿ ತಪ್ಪಿಸಿದ್ದೂ ಈ ಸರಳತೆಯೇ.

ಸ್ಟಾರ್ಜಲ್ ಅವರು 1967ಕ್ಕೆ ನಾಲ್ಕು ವರ್ಷ ಮೊದಲೇ ಈ ಸಾಹಸಕ್ಕೆ ಇಳಿದಿದ್ದರು. ನಾಯಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿ ಕೈ ಪಳಗಿಸಿಕೊಂಡ ನಂತರ, 1963ರ ಮಾರ್ಚ್ 1ರಂದು, ಪಿತ್ತನಾಳಗಳೇ ಬೆಳೆಯದೆ ಹುಟ್ಟಿದ್ದ ಮೂರು ವರ್ಷದ ಬಾಲಕನಿಗೆ ಯಕೃತ್ ಕಸಿ ಮಾಡಲು ಯತ್ನಿಸಿದರು. ರಕ್ತಸ್ರಾವ ನಿಲ್ಲಲೇ ಇಲ್ಲ. ಬಾಲಕ ಮೇಜಿನ ಮೇಲೆಯೇ ತೀರಿಕೊಂಡ. ಎರಡನೆಯ ರೋಗಿ ಯಕೃತ್ ಕ್ಯಾನ್ಸರಿನಿಂದ ಬಳಲುತ್ತಿದ್ದ 48 ವರ್ಷದ ಗಂಡಸು. ಈ ಬಾರಿ ರಕ್ತ ಹೆಪ್ಪುಗಟ್ಟುವಂತೆ ಮಾಡುವ ಔಷಧಗಳನ್ನು ಧಾರಾಳವಾಗಿ ಕೊಟ್ಟರು. ಅದೇ ಮುಳುವಾಯಿತು. ದೇಹದ ಕೆಳಭಾಗದ ರಕ್ತವನ್ನು ಮೇಲಕ್ಕೆ ಸಾಗಿಸಲು ಹಾಕಿದ್ದ ಕೊಳವೆಗಳಲ್ಲಿ ಹೆಪ್ಪುಗಳು ಕಟ್ಟಿ ಶ್ವಾಸಕೋಶಕ್ಕೆ ಹೋದವು. ಆತ ಬದುಕಿದ್ದು 22 ದಿನ. ಬಾಸ್ಟನ್ನಿನಲ್ಲಿ ಒಂದು, ಪ್ಯಾರಿಸ್ಸಿನಲ್ಲಿ ಒಂದು ಯತ್ನ ನಡೆಯಿತು. ಆ ಇಬ್ಬರು ರೋಗಿಗಳ ಕಾಯಿಲೆ ದೊಡ್ಡ ಕರುಳಿನಲ್ಲಿ ಹುಟ್ಟಿ ಯಕೃತ್ತಿಗೆ ಹಬ್ಬಿದ್ದ ಕ್ಯಾನ್ಸರ್. ಅವರೂ ಉಳಿಯಲಿಲ್ಲ. ಈ ಮೊದಲ ಸರಣಿಯ ರೋಗಿಗಳಲ್ಲಿ ಒಬ್ಬರೂ ಒಂದು ತಿಂಗಳು ದಾಟಲಿಲ್ಲ. 1964ರ ಆರಂಭದ ಹೊತ್ತಿಗೆ ಎಲ್ಲರೂ ಕೈಚೆಲ್ಲಿದರು. ಮೂರು ವರ್ಷಗಳಿಗೂ ಹೆಚ್ಚು ಕಾಲ ಯತ್ನ ನಿಂತುಹೋಯಿತು.

ಆ ರೋಗಿಗಳಲ್ಲಿ ಕ್ಯಾನ್ಸರ್ ಪೀಡಿತರೇ ಹೆಚ್ಚಾಗಿದ್ದುದು ಆಕಸ್ಮಿಕವೇನಲ್ಲ. ಸಾವು ಖಚಿತವಾಗಿದ್ದ, ಬೇರಾವ ಚಿಕಿತ್ಸೆಯೂ ಇಲ್ಲದಿದ್ದ ಮನುಷ್ಯನ ಮೇಲಲ್ಲದೆ ಇಷ್ಟು ಅಪಾಯಕರವಾದ ಪ್ರಯೋಗವನ್ನು ಇನ್ಯಾರ ಮೇಲೆ ಮಾಡಲು ಮನಸ್ಸು ಒಪ್ಪೀತು? ಕಳೆದುಕೊಳ್ಳುವುದೇನೂ ಇಲ್ಲದವನೇ ಮೊದಲು ಮೇಜು ಹತ್ತಬೇಕು ಎಂಬುದು ಅಂದಿನ ನ್ಯಾಯ. ನೈತಿಕವಾಗಿ ಅದು ಸರಿಯಾಗಿಯೇ ಕಾಣುತ್ತದೆ. ಆದರೆ ಕ್ಯಾನ್ಸರ್ ವಿಷಯದಲ್ಲಿ ಈ ಆಯ್ಕೆ ತಲೆಕೆಳಗಾಗಿತ್ತು. ಗಡ್ಡೆ ದೊಡ್ಡದಾದಷ್ಟೂ ಅದು ಯಕೃತ್ತಿನ ಗಡಿ ದಾಟಿರುವ ಸಂಭವ ಹೆಚ್ಚು. ಯಾರಿಗೆ ಕಸಿಯಿಂದ ಅತಿ ಕಡಿಮೆ ಲಾಭವೋ ಅಂಥವರನ್ನೇ ಹುಡುಕಿ ಹುಡುಕಿ ಕಸಿ ಮಾಡಿದಂತಾಗಿತ್ತು.

1967ರಲ್ಲಿ ಮತ್ತೆ ಕೆಲಸ ಶುರುವಾದದ್ದು ಹೊಸ ಔಷಧಗಳ ಬಲದಿಂದ. ಪರರ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯಬೇಕಾದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸಬೇಕು. ಮರುವರ್ಷ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಡಾ. ರಾಯ್ ಕಾನ್ ಯಕೃತ್ ಕಸಿಯನ್ನು ಆರಂಭಿಸಿದರು. ಅದೇ 1968ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿಯೊಂದು ಮಿದುಳು ಸಾವಿನ ಲಕ್ಷಣಗಳನ್ನು ನಿರೂಪಿಸಿತು. ಹೃದಯ ಇನ್ನೂ ಬಡಿಯುತ್ತಿರುವಾಗಲೇ, ಮಿದುಳು ಶಾಶ್ವತವಾಗಿ ಸತ್ತ ವ್ಯಕ್ತಿಯಿಂದ ಅಂಗವನ್ನು ಪಡೆಯುವ ದಾರಿ ಇದರಿಂದ ತೆರೆಯಿತು. ಇಷ್ಟಾದರೂ 1970ರ ದಶಕದಲ್ಲಿ ಕಸಿ ಮಾಡಿಸಿಕೊಂಡವರಲ್ಲಿ ಒಂದು ವರ್ಷ ಪೂರೈಸುತ್ತಿದ್ದವರು ಸುಮಾರು ಮೂರರಲ್ಲಿ ಒಬ್ಬರು.

ಕ್ಯಾನ್ಸರ್ ರೋಗಿಗಳಿಗೆ ಮತ್ತೊಂದು ಕಂಟಕವಿತ್ತು. ದೇಹದಲ್ಲಿ ತಪ್ಪಿಸಿಕೊಂಡು ತಿರುಗುವ ಕ್ಯಾನ್ಸರ್ ಕಣಗಳನ್ನು ಹಿಡಿದು ಕೊಲ್ಲುವುದರಲ್ಲಿ ಈ ರೋಗನಿರೋಧಕ ವ್ಯವಸ್ಥೆಗೂ ಪಾಲಿದೆ. ಕಸಿಗಾಗಿ ಈ ಕಾವಲುಗಾರನನ್ನೇ ನಿದ್ದೆ ಮಾಡಿಸಿದರೆ ಕಳ್ಳನಿಗೆ ಸುಗ್ಗಿಯಲ್ಲವೇ? ಡೆನ್ವರ್‌ನಲ್ಲಿ ಡಾ. ಇಸ್ರೇಲ್ ಪೆನ್ ಅವರು 1968ರಿಂದಲೇ ಕಸಿ ರೋಗಿಗಳಲ್ಲಿ ಕಾಣಿಸಿಕೊಳ್ಳುವ ಕ್ಯಾನ್ಸರುಗಳ ದಾಖಲೆ ಇಡತೊಡಗಿದರು. ಮುಂದೆ ಸಿನ್ಸಿನಾಟಿಗೆ ಸ್ಥಳಾಂತರಗೊಂಡ ಈ ದಾಖಲೆ ಪುಸ್ತಕ, ಯಾವ ಗಡ್ಡೆಗೆ ಕಸಿ ಮಾಡಿದರೆ ಏನಾಯಿತು ಎಂಬುದನ್ನು ಬರಿಯ ಅನಿಸಿಕೆಯಿಂದ ಬಿಡಿಸಿ ಅಂಕಿಗಳಿಗೆ ತಂದಿತು.

ಕಸಿ ಚಿಕಿತ್ಸೆಯ ಅದೃಷ್ಟ ಬದಲಾದದ್ದು ನಾರ್ವೆಯ ಮಣ್ಣಿನಿಂದ. ಹಾರ್ಡಾಂಗರ್ ಪ್ರಸ್ಥಭೂಮಿಯ ಮಣ್ಣಿನಲ್ಲಿ ಸಿಕ್ಕ ಒಂದು ಶಿಲೀಂಧ್ರದಿಂದ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿ ಸೈಕ್ಲೋಸ್ಪೋರಿನ್ ಎಂಬ ಔಷಧವನ್ನು ಪಡೆಯಿತು. 1970ರ ದಶಕದ ಕೊನೆಗೆ ಕಾನ್ ಅದನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಸ್ಟಾರ್ಜಲ್ ಅದನ್ನು ಸ್ಟೀರಾಯ್ಡ್ ಜೊತೆ ಬೆರೆಸಿ ಬಳಸುವ ಕ್ರಮವನ್ನು ರೂಢಿಗೆ ತಂದರು. ಬದುಕುವವರ ಪ್ರಮಾಣ ಇಮ್ಮಡಿಯಾಯಿತು. 1983ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ಸಭೆ, ಯಕೃತ್ ಕಸಿ ಇನ್ನು ಪ್ರಯೋಗವಲ್ಲ, ಚಿಕಿತ್ಸೆ ಎಂದು ಒಪ್ಪಿಕೊಂಡಿತು.

ಪ್ರಯೋಗ ಚಿಕಿತ್ಸೆಯಾದ ಕೂಡಲೇ ಸರದಿಯ ಸಾಲು ಹುಟ್ಟಿತು. ಯಕೃತ್ತು ಕಾರ್ಖಾನೆಯಲ್ಲಿ ತಯಾರಾಗುವ ಮಾತ್ರೆಯಲ್ಲ. ಯಾರದೋ ಮನೆಯಲ್ಲಿ ಸಾವು ಸಂಭವಿಸಿ, ಆ ದುಃಖದ ನಡುವೆ ಮನೆಯವರು ಒಪ್ಪಿದರಷ್ಟೇ ಅದು ಸಿಗುತ್ತದೆ. ಬೇಕಾದವರು ಸಾವಿರಾರು, ಸಿಗುವುದು ನೂರಾರು. ಕ್ಯಾನ್ಸರ್ ರೋಗಿಗೆ ಕೊಟ್ಟ ಯಕೃತ್ತು ಎರಡು ವರ್ಷದಲ್ಲಿ ಅವನೊಂದಿಗೇ ಮಣ್ಣಾದರೆ, ಅದೇ ಯಕೃತ್ತಿನಿಂದ ಇಪ್ಪತ್ತು ವರ್ಷ ಬದುಕಬಹುದಾಗಿದ್ದ ಇನ್ನೊಬ್ಬನಿಗೆ ಏನು ಉತ್ತರ ಹೇಳಬೇಕು? 1980ರ ದಶಕದ ಫಲಿತಾಂಶಗಳು ನಿರಾಶಾದಾಯಕವಾಗಿದ್ದವು. ಅರ್ಧಕ್ಕಿಂತ ಹೆಚ್ಚು ರೋಗಿಗಳು ಐದು ವರ್ಷದೊಳಗೆ ಸಾಯುತ್ತಿದ್ದರು. ದಶಕದ ಕೊನೆಗೆ ಅನೇಕ ಆಸ್ಪತ್ರೆಗಳು ಯಕೃತ್ ಕ್ಯಾನ್ಸರ್ ರೋಗಿಗಳಿಗೆ ಕಸಿಯ ಬಾಗಿಲನ್ನೇ ಮುಚ್ಚಿದವು. ಯಾವ ಕಾಯಿಲೆಯ ನೆಪದಲ್ಲಿ ಈ ವಿದ್ಯೆ ಕಣ್ಣು ಬಿಟ್ಟಿತ್ತೋ ಅದೇ ಕಾಯಿಲೆ ಈಗ ನಿಷಿದ್ಧರ ಪಟ್ಟಿಗೆ ಸೇರಿತು.

ಆದರೆ ಆ ಹೊತ್ತಿಗಾಗಲೇ ಉತ್ತರದ ಸುಳಿವು ಸಿಕ್ಕಿತ್ತು. ಅದು ಸಿಕ್ಕಿದ್ದು ಎಸೆಯಬೇಕಾದ ಯಕೃತ್ತುಗಳಲ್ಲಿ! ಸ್ಟಾರ್ಜಲ್ 1981ರಲ್ಲಿ ಪಿಟ್ಸ್‌ಬರ್ಗ್ ನಗರಕ್ಕೆ ಹೋಗಿ ಅಲ್ಲಿ ದೊಡ್ಡ ಕಸಿ ಕೇಂದ್ರವನ್ನು ಕಟ್ಟಿದ್ದರು. ಸಿರೋಸಿಸ್ ಮುಂತಾದ ಬೇರೆ ಕಾಯಿಲೆಗೆಂದು ಕಸಿ ಮಾಡಿಸಿಕೊಂಡವರ ಹಳೆಯ ಯಕೃತ್ತನ್ನು ಪ್ರಯೋಗಾಲಯದಲ್ಲಿ ಹೋಳು ಮಾಡಿ ನೋಡುವಾಗ, ಯಾರ ಗಮನಕ್ಕೂ ಬಾರದಿದ್ದ ಸಣ್ಣ ಕ್ಯಾನ್ಸರ್ ಗಡ್ಡೆಗಳು ಕೆಲವರಲ್ಲಿ ಕಂಡವು. ಈ ರೋಗಿಗಳು ಏನಾದರು ಎಂದು ನೋಡಿದರೆ ಅಚ್ಚರಿ ಕಾದಿತ್ತು. ಅವರು ಕ್ಯಾನ್ಸರ್ ಇಲ್ಲದವರಷ್ಟೇ ಚೆನ್ನಾಗಿ ಬದುಕುತ್ತಿದ್ದರು. ತಮಗೆ ಕ್ಯಾನ್ಸರ್ ಇತ್ತೆಂಬುದು ಅವರಿಗೂ ಗೊತ್ತಿರಲಿಲ್ಲ, ವೈದ್ಯರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಹುಶಃ ಕಸಿಯನ್ನೇ ನಿರಾಕರಿಸುತ್ತಿದ್ದರು! ಚಿಕ್ಕ ಗಡ್ಡೆಯಿದ್ದಾಗ ಯಕೃತ್ತಿನ ಜೊತೆಗೆ ಕ್ಯಾನ್ಸರೂ ಸಂಪೂರ್ಣವಾಗಿ ಹೊರಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ನಿಷ್ಪಕ್ಷಪಾತವಾದ ಸಾಕ್ಷಿ ಬೇಕಿರಲಿಲ್ಲ. ಪ್ಯಾರಿಸ್ಸಿನ ಬಳಿಯ ಡಾ. ಹೆನ್ರಿ ಬಿಸ್ಮತ್ ಅವರ ತಂಡ 1993ರಲ್ಲಿ, ಸಣ್ಣ ಗಡ್ಡೆಗಳ ಮಟ್ಟಿಗೆ ಕತ್ತರಿಸುವುದಕ್ಕಿಂತ ಕಸಿಯೇ ಮೇಲು ಎಂದು ತೋರಿಸಿತು.

ಇದನ್ನೆಲ್ಲ ಒಂದು ನಿಯಮವಾಗಿಸಿದವರು ಇಟಲಿಯ ಮಿಲಾನ್ ನಗರದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಡಾ. ವಿನ್ಚೆಂಜೊ ಮಜ್ಜಾಫೆರೊ ಮತ್ತು ಸಂಗಡಿಗರು. 1991ರಿಂದ ಅವರು ಒಂದು ಗೆರೆ ಎಳೆದುಕೊಂಡು ಕೆಲಸ ಮಾಡಿದರು. ಒಂದೇ ಗಡ್ಡೆಯಿದ್ದರೆ ಅದು ಐದು ಸೆಂಟಿಮೀಟರ್ ಮೀರಿರಬಾರದು. ಹೆಚ್ಚು ಗಡ್ಡೆಗಳಿದ್ದರೆ ಮೂರಕ್ಕಿಂತ ಹೆಚ್ಚಿರಬಾರದು, ಅವುಗಳಲ್ಲಿ ಯಾವುದೂ ಮೂರು ಸೆಂಟಿಮೀಟರ್ ಮೀರಿರಬಾರದು. ಗಡ್ಡೆ ರಕ್ತನಾಳದೊಳಕ್ಕೆ ನುಗ್ಗಿರಬಾರದು, ಯಕೃತ್ತಿನ ಹೊರಗೆ ಹರಡಿರಬಾರದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದು ನಿಂಬೆಹಣ್ಣು, ಇಲ್ಲವೆ ಮೂರು ನೆಲ್ಲಿಕಾಯಿ. ಈ ಮಿತಿಯೊಳಗಿನ 48 ರೋಗಿಗಳಿಗೆ ಕಸಿ ಮಾಡಿ 1996ರ ಮಾರ್ಚಿಯಲ್ಲಿ ಫಲಿತಾಂಶ ಪ್ರಕಟಿಸಿದರು. ನಾಲ್ಕು ವರ್ಷ ಬದುಕುವವರ ಪ್ರಮಾಣ ಶೇಕಡ 75. ಕ್ಯಾನ್ಸರ್ ಮರಳಿ ಬಂದದ್ದು ನಾಲ್ವರಲ್ಲಿ ಮಾತ್ರ.

ವರದಿಯಲ್ಲಿ ಇನ್ನೊಂದು ಅಂಶವಿತ್ತು, ಅದೇ ಹೆಚ್ಚು ಮುಖ್ಯವಾದದ್ದು. ಸ್ಕ್ಯಾನ್‌ಗಳ ಕಣ್ಣು ಅಂದು ಅಷ್ಟು ಚುರುಕಾಗಿರಲಿಲ್ಲ. ಹೊರತೆಗೆದ ಯಕೃತ್ತನ್ನು ಕತ್ತರಿಸಿ ಅಳೆದಾಗ 13 ಜನರ ಗಡ್ಡೆಗಳು ವಾಸ್ತವವಾಗಿ ಗೆರೆ ಮೀರಿದ್ದವು. ಗೆರೆಯೊಳಗಿದ್ದ 35 ಜನರಲ್ಲಿ ನಾಲ್ಕು ವರ್ಷದ ಬದುಕು ಶೇಕಡ 85 ಇದ್ದರೆ, ಮೀರಿದವರಲ್ಲಿ ಶೇಕಡ 50. ಗೆರೆ ಎಳೆದದ್ದು ಸರಿಯಾದ ಜಾಗದಲ್ಲಿ ಎಂಬುದಕ್ಕೆ ಗೆರೆ ದಾಟಿದವರೇ ಪುರಾವೆಯಾದರು. ಕೇವಲ 48 ಜನರ ಈ ಅಧ್ಯಯನ ಜಗತ್ತಿನ ಬಹುಪಾಲು ದೇಶಗಳ ನಿಯಮವಾಯಿತು. ಮುಚ್ಚಿದ್ದ ಬಾಗಿಲು ತೆರೆಯಿತು. ತೆರೆದದ್ದು ಮಾತ್ರ ಐದು ಸೆಂಟಿಮೀಟರ್.

ಮಿಲಾನ್ ವರದಿ ಬರುವುದಕ್ಕೆ ಒಂದು ವರ್ಷ ಮೊದಲು ಅಮೆರಿಕದಲ್ಲಿ ಒಂದು ಪ್ರಕರಣ ದೊಡ್ಡ ಗದ್ದಲ ಎಬ್ಬಿಸಿತ್ತು. ನಮ್ಮಲ್ಲಿ ಕ್ರಿಕೆಟ್ ತಾರೆಯರಿಗಿರುವ ಮನ್ನಣೆ ಅಲ್ಲಿ ಬೇಸ್‌ಬಾಲ್ ಆಟಗಾರರಿಗೆ. ಅವರಲ್ಲಿ ಮಿಕ್ಕಿ ಮ್ಯಾಂಟಲ್ ಹೆಸರು ಮನೆಮಾತು. ವರ್ಷಾನುಗಟ್ಟಲೆ ಕುಡಿತ, ಹೆಪಟೈಟಿಸ್ ಸಿ, ಸಿರೋಸಿಸ್, ಅದರ ಮೇಲೆ ಯಕೃತ್ ಕ್ಯಾನ್ಸರ್. 1995ರ ಜೂನ್ 8ರಂದು ಡಲ್ಲಾಸ್ ನಗರದಲ್ಲಿ ಅವರಿಗೆ ಕಸಿ ಆಯಿತು. ಪಟ್ಟಿಗೆ ಹೆಸರು ಸೇರಿದ ಎರಡೇ ದಿನದಲ್ಲಿ ಯಕೃತ್ತು ಸಿಕ್ಕಿತೆಂಬ ಸುದ್ದಿಗೆ ಜನ ಕೆರಳಿದರು. ಹೆಸರು ಇದ್ದವರಿಗೆ ಸರದಿಯಿಲ್ಲವೇ ಎಂದರು. ಉಪ್ಪು ತಿಂದವರು ನೀರು ಕುಡಿಯಲಿ ಎಂಬ ಧಾಟಿಯ ಮಾತೂ ಕೇಳಿಬಂತು. ಅವರೇ ಆ ವಲಯದ ಅತಿ ಗಂಭೀರ ರೋಗಿಯಾಗಿದ್ದರು, ನಿಯಮ ಮುರಿದಿಲ್ಲ ಎಂದು ವೈದ್ಯರು ವಿವರಿಸಿದರು. ಆದರೆ ಕ್ಯಾನ್ಸರ್ ಅದಾಗಲೇ ಯಕೃತ್ತಿನ ಗಡಿ ದಾಟಿತ್ತು. ಆಗಸ್ಟ್ 13ರಂದು, ಕಸಿಯಾಗಿ ಹತ್ತು ವಾರ ತುಂಬುವ ಮೊದಲೇ, ಮ್ಯಾಂಟಲ್ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರು ಜನರಲ್ಲಿ ಮಾಡಿದ ಮನವಿ ಅಂಗದಾನ ಮಾಡಿ ಎಂಬುದು. ಕುಡುಕನಿಗೆ ಯಕೃತ್ತು ಕೊಡಬೇಕೆ ಎಂಬ ಪ್ರಶ್ನೆಯ ಗದ್ದಲದಲ್ಲಿ, ಗಡಿ ದಾಟಿದ ಕ್ಯಾನ್ಸರಿಗೆ ಕೊಡಬೇಕೆ ಎಂಬ ಹೆಚ್ಚು ಸೂಕ್ಷ್ಮ ಪ್ರಶ್ನೆ ಮುಚ್ಚಿಹೋಯಿತು.

ಮಿಲಾನ್ ಗೆರೆ ಬಂದ ಮೇಲೆ ಸರದಿಯ ಸಮಸ್ಯೆ ಇನ್ನೊಂದು ರೂಪ ತಾಳಿತು. ಅಮೆರಿಕ 2002ರ ಫೆಬ್ರವರಿಯಲ್ಲಿ ರಕ್ತಪರೀಕ್ಷೆಯ ಮೂರು ಅಂಕಿಗಳನ್ನು ಆಧರಿಸಿ ಅಂಕ ಕೊಡುವ ಪದ್ಧತಿ ತಂದಿತು. ಮೂರು ತಿಂಗಳಲ್ಲಿ ಸಾಯುವ ಸಂಭವ ಹೆಚ್ಚಾದಷ್ಟೂ ಅಂಕ ಹೆಚ್ಚು, ಅಂಕ ಹೆಚ್ಚಾದಷ್ಟೂ ಸರದಿ ಹತ್ತಿರ. ಕ್ಯಾನ್ಸರ್ ರೋಗಿಯ ಪಾಡು ಬೇರೆ. ಅವನ ಯಕೃತ್ತು ಇನ್ನೂ ತಕ್ಕಮಟ್ಟಿಗೆ ಕೆಲಸ ಮಾಡುತ್ತಿರುತ್ತದೆ, ಅಂಕ ಬರುವುದಿಲ್ಲ. ಕಾಯುತ್ತ ಕೂತರೆ ಗಡ್ಡೆ ಐದು ಸೆಂಟಿಮೀಟರ್ ದಾಟಿ ಅರ್ಹತೆಯೇ ತಪ್ಪುತ್ತದೆ. ಆದ್ದರಿಂದ ಅವರಿಗೆ ವಿಶೇಷ ಅಂಕ ಕೊಟ್ಟರು. ಎಷ್ಟು ಧಾರಾಳವಾಗಿ ಕೊಟ್ಟರೆಂದರೆ ಕ್ಯಾನ್ಸರ್ ಇಲ್ಲದವರು ಹಿಂದೆ ಬಿದ್ದರು. ಮುಂದಿನ ಮೂರು ವರ್ಷಗಳಲ್ಲಿ ಅಂಕಗಳನ್ನು ಮತ್ತೆ ಮತ್ತೆ ಇಳಿಸಬೇಕಾಯಿತು. 2015ರಲ್ಲಿ ಇನ್ನೊಂದು ನಿಯಮ ಬಂತು: ವಿಶೇಷ ಅಂಕ ಸಿಗುವ ಮೊದಲು ಆರು ತಿಂಗಳು ಕಾಯಬೇಕು. ಕ್ಯಾನ್ಸರ್ ರೋಗಿಯನ್ನು ಬೇಕೆಂದೇ ಕಾಯಿಸುವುದು ಕ್ರೌರ್ಯವೆನಿಸಬಹುದು. ಆದರೆ ಆರು ತಿಂಗಳಲ್ಲಿ ಗಡ್ಡೆ ತನ್ನ ಸ್ವಭಾವವನ್ನು ತೋರಿಸಿಬಿಡುತ್ತದೆ. ಔಷಧ ತುಂಬಿ ರಕ್ತನಾಳ ಮುಚ್ಚುವ ಚಿಕಿತ್ಸೆಗೋ, ಸೂಜಿಯಿಂದ ಸುಡುವ ಚಿಕಿತ್ಸೆಗೋ ಮಣಿದು ಸುಮ್ಮನಿರುವ ಗಡ್ಡೆ ಕಸಿಯ ನಂತರವೂ ಕಾಡುವುದು ಕಡಿಮೆ. ಆ ಅವಧಿಯಲ್ಲಿಯೇ ಹಬ್ಬುವ ಗಡ್ಡೆ ಹೊಸ ಯಕೃತ್ತನ್ನೂ ಬಿಡುವುದಿಲ್ಲ. ಕಾಲವನ್ನೇ ಪರೀಕ್ಷೆಯನ್ನಾಗಿ ಮಾಡಿದ್ದು ಒಪ್ಪತಕ್ಕದ್ದೇ, ಆ ಆರು ತಿಂಗಳನ್ನು ಎಣಿಸುತ್ತ ಕೂರುವವರಿಗೆ ಅದು ಹಾಗೆ ಕಾಣಲಾರದು.

ಗೆರೆ ತೀರ ಬಿಗಿಯಾಯಿತೆಂಬ ದೂರೂ ಇತ್ತು. ಸ್ಯಾನ್‌ಫ್ರಾನ್ಸಿಸ್ಕೊ ವೈದ್ಯರು 2001ರಲ್ಲಿ ಒಂಟಿ ಗಡ್ಡೆಯ ಮಿತಿಯನ್ನು ಆರೂವರೆ ಸೆಂಟಿಮೀಟರಿಗೆ ಏರಿಸಿ ತೋರಿಸಿದರು. ಫ್ರಾನ್ಸ್ ಗಾತ್ರದ ಜೊತೆಗೆ ರಕ್ತದಲ್ಲಿ ಗಡ್ಡೆ ಸೂಸುವ ಆಲ್ಫಾ ಫೀಟೋಪ್ರೋಟೀನ್ ಎಂಬ ವಸ್ತುವನ್ನೂ ಎಣಿಕೆಗೆ ತೆಗೆದುಕೊಂಡಿತು. ಗಾತ್ರಕ್ಕಿಂತ ಗುಣ ಮುಖ್ಯ ಎಂಬ ಅರಿವು ಬೆಳೆಯುತ್ತ ಹೋಯಿತು.

ಇಷ್ಟು ಹೊತ್ತು ಹೇಳಿದ್ದು ಯಕೃತ್ತಿನ ಕಣಗಳಲ್ಲಿಯೇ ಹುಟ್ಟುವ ಕ್ಯಾನ್ಸರಿನ ವಿಚಾರ. ಪಿತ್ತನಾಳದ ಕ್ಯಾನ್ಸರ್ ಇನ್ನೂ ಕುಟಿಲವಾದದ್ದು. ಎಡ ಬಲ ಪಿತ್ತನಾಳಗಳು ಕೂಡುವ ಜಾಗದಲ್ಲಿ ಹುಟ್ಟುವ ಗಡ್ಡೆಯನ್ನು 1965ರಲ್ಲಿ ವಿವರವಾಗಿ ಬಣ್ಣಿಸಿದ ಡಾ. ಜೆರಾಲ್ಡ್ ಕ್ಲಾಟ್‌ಸ್ಕಿನ್ ಅವರ ಹೆಸರೇ ಅದಕ್ಕೆ ಅಂಟಿಕೊಂಡಿದೆ. ಗಡ್ಡೆ ಚಿಕ್ಕದಾಗಿದ್ದರೂ ಪಿತ್ತರಸದ ದಾರಿಯನ್ನು ಮುಚ್ಚಿ ಕಾಮಾಲೆ ತರುತ್ತದೆ. ಅದು ಕೂತಿರುವ ಜಾಗವೋ, ಯಕೃತ್ತಿಗೆ ಬರುವ ಮುಖ್ಯ ರಕ್ತನಾಳಗಳೆಲ್ಲ ಒಟ್ಟುಗೂಡುವ ಬಾಗಿಲು. ಕತ್ತರಿಸಲು ಕತ್ತಿಗೆ ಎಡೆಯಿಲ್ಲ. ನರಗಳ ಗುಂಟ, ದುಗ್ಧಗ್ರಂಥಿಗಳ ಗುಂಟ ಸದ್ದಿಲ್ಲದೆ ಹರಿಯುವುದು ಇದರ ಚಾಳಿ. ಕಸಿ ಮಾಡಿದರೂ ಉಪಯೋಗವಾಗಲಿಲ್ಲ. ಪೆನ್ ಅವರ ಸಿನ್ಸಿನಾಟಿ ದಾಖಲೆಯಲ್ಲಿದ್ದ 207 ರೋಗಿಗಳ ಲೆಕ್ಕ 2000ದಲ್ಲಿ ಪ್ರಕಟವಾಯಿತು. ಐದು ವರ್ಷ ಬದುಕಿದವರು ಶೇಕಡ 23, ಅರ್ಧದಷ್ಟು ಜನರಲ್ಲಿ ಕ್ಯಾನ್ಸರ್ ಮರಳಿತ್ತು.

ಇದರ ಕಠೋರತೆ ಅಮೆರಿಕದ ಜನಸಾಮಾನ್ಯರಿಗೆ ತಟ್ಟಿದ್ದು 1999ರಲ್ಲಿ. ಷಿಕಾಗೊ ತಂಡದ ಫುಟ್‌ಬಾಲ್ ತಾರೆ ವಾಲ್ಟರ್ ಪೇಟನ್ ಫೆಬ್ರವರಿಯಲ್ಲಿ ಪತ್ರಕರ್ತರ ಮುಂದೆ ಕಣ್ಣೀರಿಡುತ್ತ, ತಮಗೆ ಪಿತ್ತನಾಳಗಳು ಗಟ್ಟಿಯಾಗುವ ಅಪರೂಪದ ಕಾಯಿಲೆಯಿದೆ, ಯಕೃತ್ ಕಸಿಯಾಗಬೇಕು ಎಂದು ತಿಳಿಸಿದರು. ಆದರೆ ಕೆಲವೇ ತಿಂಗಳಲ್ಲಿ ಪಿತ್ತನಾಳದಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ಕಸಿಯ ಮಾತು ಅಲ್ಲಿಗೆ ನಿಂತಿತು. ನವೆಂಬರ್ 1ರಂದು ಅವರು ನಿಧನರಾದರು. ಮ್ಯಾಂಟಲ್‌ಗೆ ಸಿಕ್ಕಿದ್ದು ಪೇಟನ್‌ಗೆ ಸಿಗಲಿಲ್ಲ. ಇಬ್ಬರೂ ಉಳಿಯಲಿಲ್ಲ.

ಪೇಟನ್ ಚಿಕಿತ್ಸೆ ಪಡೆದದ್ದು ಮಿನ್ನೆಸೊಟಾ ರಾಜ್ಯದ ಮೇಯೊ ಕ್ಲಿನಿಕ್‌ನಲ್ಲಿ. ಪಿತ್ತನಾಳದ ಕ್ಯಾನ್ಸರಿಗೆ ಕಸಿಯ ದಾರಿ ತೆರೆದವರೂ ಅಲ್ಲಿಯವರೇ ಎಂಬುದು ಗಮನಾರ್ಹ. 1993ರಿಂದಲೇ ಅಲ್ಲಿ ಡಾ. ಗ್ರೆಗರಿ ಗೋರ್ಸ್, ಡಾ. ಚಾರ್ಲ್ಸ್ ರೋಸೆನ್ ಮುಂತಾದವರು ಆಯ್ದ ಕೆಲವೇ ರೋಗಿಗಳಲ್ಲಿ ಬೇರೆ ಕ್ರಮವೊಂದನ್ನು ಅನುಸರಿಸುತ್ತಿದ್ದರು. ನೆಬ್ರಾಸ್ಕಾದಲ್ಲಿ ಅದಕ್ಕೂ ಮೊದಲು ನಡೆದಿದ್ದ ಯತ್ನ ಇದಕ್ಕೆ ಪ್ರೇರಣೆ. ಅವರ ವಿಚಾರ ಇಷ್ಟೇ: ಕಸಿಗೆ ಮೊದಲೇ ಕ್ಯಾನ್ಸರನ್ನು ಬಡಿದು ಹಾಕಬೇಕು. ಮೊದಲು ಹೊರಗಿನಿಂದ ವಿಕಿರಣ. ನಂತರ ಪಿತ್ತನಾಳದೊಳಗೇ ವಿಕಿರಣ ಸೂಸುವ ಇರಿಡಿಯಂ ತಂತಿಯನ್ನಿಟ್ಟು ಗಡ್ಡೆಯನ್ನು ಸುಡುವುದು. ಕಸಿಯ ದಿನದವರೆಗೆ ಕ್ಯಾನ್ಸರ್ ಮಾತ್ರೆಗಳು. ಅದಾದ ಮೇಲೆ ಹೊಟ್ಟೆ ತೆರೆದು ದುಗ್ಧಗ್ರಂಥಿಗಳನ್ನು ಪರೀಕ್ಷಿಸುವುದು. ಅಲ್ಲಿ ಕ್ಯಾನ್ಸರಿನ ಒಂದು ಕಣ ಕಂಡರೂ ಕಸಿ ಇಲ್ಲ. ಗಡ್ಡೆ ಮೂರು ಸೆಂಟಿಮೀಟರ್ ಮೀರಿರಬಾರದು. ಇನ್ನೊಂದು ವಿಚಿತ್ರವಾದ ಷರತ್ತು, ಬೇರೆಲ್ಲಿಯಾದರೂ ಹೊಟ್ಟೆಯ ಗೋಡೆಯ ಮೂಲಕ ಗಡ್ಡೆಗೆ ಸೂಜಿ ಚುಚ್ಚಿ ತುಣುಕು ತೆಗೆದಿರಬಾರದು. ಸೂಜಿ ಹಿಂದೆ ಬರುವಾಗ ದಾರಿಯುದ್ದಕ್ಕೂ ಕ್ಯಾನ್ಸರ್ ಕಣಗಳನ್ನು ಬಿತ್ತಬಹುದು. ರೋಗ ಯಾವುದೆಂದು ಖಚಿತಪಡಿಸಿಕೊಳ್ಳಲು ಮಾಡಿಸಿದ ಪರೀಕ್ಷೆಯೇ ರೋಗಿಯ ಪಾಲಿಗೆ ಕೊನೆಯ ಬಾಗಿಲನ್ನು ಮುಚ್ಚಿಬಿಡುವುದುಂಟು!

2005ರಲ್ಲಿ ಮೇಯೊ ಫಲಿತಾಂಶ ಬಂದಾಗ ನಂಬುವುದು ಕಷ್ಟವಾಯಿತು. ಈ ಹಾದಿಗೆ ಸೇರಿದವರು 71 ರೋಗಿಗಳು, ಕಸಿಯ ಘಟ್ಟ ತಲುಪಿದವರು 38. ಅವರಲ್ಲಿ ಐದು ವರ್ಷ ಬದುಕುವವರ ಪ್ರಮಾಣ ಶೇಕಡ 82. ಇಷ್ಟು ಕಠಿಣ ಸೋಸುವಿಕೆಯ ನಂತರ ಉಳಿದವರ ಫಲಿತಾಂಶ ಚೆನ್ನಾಗಿರದೆ ಇನ್ನೇನು ಎಂದು ಟೀಕಾಕಾರರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. 2012ರಲ್ಲಿ ಅಮೆರಿಕದ 12 ಕೇಂದ್ರಗಳ 287 ರೋಗಿಗಳ ಲೆಕ್ಕ ಬಂತು. ದಾರಿಯಲ್ಲಿ ಕೈಬಿಟ್ಟವರನ್ನೂ ಸೇರಿಸಿ ಎಣಿಸಿದರೂ ಶೇಕಡ 53 ಜನ ಐದು ವರ್ಷ ಬದುಕಿದ್ದರು. ಶೇಕಡ 23ರ ಪಕ್ಕದಲ್ಲಿ ಇಟ್ಟು ನೋಡಿದಾಗ ಇದರ ಬೆಲೆ ತಿಳಿಯುತ್ತದೆ.

ದೊಡ್ಡ ಕರುಳಿನಿಂದ ಯಕೃತ್ತಿಗೆ ಹಬ್ಬಿದ ಕ್ಯಾನ್ಸರಿಗೆ 1963ರಲ್ಲಿ ಬಾಸ್ಟನ್ನಿನಲ್ಲಿ ಮಾಡಿ ಸೋತಿದ್ದ ಕಸಿ ನಾಲ್ಕು ದಶಕಗಳ ಬಳಿಕ ಮರುಹುಟ್ಟು ಪಡೆಯಿತು. ಅದಕ್ಕೆ ನಾರ್ವೆಯ ಆಸ್ಲೊ ನಗರ ನೆಲೆಯಾದದ್ದಕ್ಕೆ ವೈದ್ಯರ ಧೈರ್ಯದಷ್ಟೇ ಆ ದೇಶದ ಅದೃಷ್ಟವೂ ಕಾರಣ. ಅಲ್ಲಿ ದಾನಿಗಳು ಹೆಚ್ಚು, ಕಾಯುವವರು ಕಡಿಮೆ. ಯಾರ ಪಾಲನ್ನೂ ಕಸಿದುಕೊಳ್ಳದೆ ಪ್ರಯೋಗ ಮಾಡಬಹುದಿತ್ತು. 2006ರಿಂದ 21 ರೋಗಿಗಳಿಗೆ ಕಸಿ ಮಾಡಿದರು. ಬಹುತೇಕ ಎಲ್ಲರಲ್ಲೂ ಕ್ಯಾನ್ಸರ್ ಮರಳಿತು, ಆದರೂ ಐದು ವರ್ಷದ ಬದುಕು ಶೇಕಡ 60ರಷ್ಟಿತ್ತು. ಮರಳಿದ್ದು ಹೆಚ್ಚಾಗಿ ಶ್ವಾಸಕೋಶದಲ್ಲಿ, ನಿಧಾನವಾಗಿ ಬೆಳೆಯುವ ಬಗೆಯಲ್ಲಿ. ಫ್ರಾನ್ಸಿನ ಡಾ. ರೆನೆ ಆಡಮ್ ನೇತೃತ್ವದಲ್ಲಿ 94 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯ ವರದಿ 2024ರಲ್ಲಿ ಹೊರಬಂತು. ಔಷಧದ ಜೊತೆ ಕಸಿಗೆ ಆಯ್ಕೆಯಾದವರಲ್ಲಿ ಐದು ವರ್ಷದ ಬದುಕು ಸುಮಾರು ಶೇಕಡ 57, ಬರಿಯ ಔಷಧದ ಗುಂಪಿನಲ್ಲಿ ಸುಮಾರು ಶೇಕಡ 13.

ಭಾರತದಲ್ಲಿ ಮಿದುಳು ಸಾವಿಗೆ ಕಾನೂನಿನ ಮನ್ನಣೆ ಸಿಕ್ಕಿದ್ದು 1994ರ ಮಾನವ ಅಂಗಾಂಗ ಕಸಿ ಕಾಯಿದೆಯಿಂದ. ಯಶಸ್ವಿಯಾದ ಮೊದಲ ಯಕೃತ್ ಕಸಿಗಳು ನಡೆದದ್ದು 1998ರಲ್ಲಿ. ಆ ವರ್ಷದ ನವೆಂಬರಿನಲ್ಲಿ ದೆಹಲಿಯಲ್ಲಿ ತಂದೆಯೊಬ್ಬರು ತಮ್ಮ ಯಕೃತ್ತಿನ ಭಾಗವನ್ನು ಹಸುಳೆಗೆ ಕೊಟ್ಟರು. ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಗಳನ್ನು ಸರದಿಯಂತೆ ಹಂಚುವ ಹೊಣೆ ಜೀವಸಾರ್ಥಕತೆ ಸಂಸ್ಥೆಯದು. ಆದರೆ ಒಟ್ಟಾರೆ ದೇಶದಲ್ಲಿ, ಜಪಾನ್ ಕೊರಿಯಾಗಳಲ್ಲಿರುವಂತೆಯೇ, ಹೆಚ್ಚಿನ ಯಕೃತ್ ಕಸಿಗಳಿಗೆ ದಾನಿಗಳು ಬದುಕಿರುವ ನೆಂಟರು. ಹೆಂಡತಿ, ಮಗ, ಮಗಳು, ತಮ್ಮ. ಬಲಭಾಗವನ್ನು ಕೊಟ್ಟ ದಾನಿಯ ಯಕೃತ್ತು ಮತ್ತೆ ಬೆಳೆಯುತ್ತದೆ ನಿಜ. ಆದರೂ ಶಸ್ತ್ರಚಿಕಿತ್ಸೆಯಲ್ಲಿ ದಾನಿಯ ಪ್ರಾಣಕ್ಕೇ ಅಪಾಯವಾದ ನಿದರ್ಶನಗಳು ಅಪರೂಪವಾಗಿ ಇವೆ.

ಇಲ್ಲಿ ಮಿಲಾನ್ ಗೆರೆಯ ಅರ್ಥವೇ ಬದಲಾಗುತ್ತದೆ. ಹೆಂಡತಿ ಗಂಡನಿಗೆಂದು ಕೊಡುವ ಯಕೃತ್ತನ್ನು ಸರದಿಯಲ್ಲಿರುವ ಪರರಿಂದ ಕಸಿದುಕೊಂಡಂತಾಗುವುದಿಲ್ಲ. ಹಾಗಾದರೆ ಗಡ್ಡೆ ಆರು ಸೆಂಟಿಮೀಟರ್ ಇದ್ದರೇನು, ಏಳಿದ್ದರೇನು, ಕೊಡುವವರಿಗೆ ಮನಸ್ಸಿದ್ದರೆ ಸಾಲದೆ? ಏಷ್ಯಾದ ಅನೇಕ ಕೇಂದ್ರಗಳು ಗೆರೆಯನ್ನು ಸಡಿಲಿಸಿವೆ. ಜಪಾನ್ 2019ರಲ್ಲಿ ಐದು ಸೆಂಟಿಮೀಟರ್ ಮೀರದ ಐದು ಗಡ್ಡೆಗಳವರೆಗೆ, ಆಲ್ಫಾ ಫೀಟೋಪ್ರೋಟೀನ್ 500 ಮೀರದಿದ್ದರೆ, ಎಂಬ ಸೂತ್ರ ಮಾಡಿಕೊಂಡಿತು. ಪೂರ್ತಿ ಬಿಟ್ಟುಕೊಡಲು ಯಾರೂ ಸಿದ್ಧರಿಲ್ಲ. ಅಪ್ಪ ಎರಡು ವರ್ಷವಾದರೂ ಬದುಕಲಿ ಎಂದು ಮಗ ಹೊಟ್ಟೆ ಕೊಯ್ಸಿಕೊಳ್ಳಲು ಮುಂದೆ ಬಂದಾಗ, ಬೇಡ ಎನ್ನುವ ಕೆಲಸ ವೈದ್ಯರದೇ ಆಗುತ್ತದೆ. ಕುಟುಂಬದ ಒತ್ತಡದಲ್ಲಿ ಬೇಡವೆನ್ನಲಾರದ ಮಗನ ಪರವಾಗಿಯೂ ಅವರೇ ಹೇಳಬೇಕಾಗುತ್ತದೆ.

ಆದ್ದರಿಂದಲೇ ಕ್ಯಾನ್ಸರ್ ಹೊರಗೆ ಹಬ್ಬಿರಬಹುದೆಂಬ ಅನುಮಾನವಿದ್ದಾಗ ಜೀವಂತ ದಾನಿಯ ಕಸಿಯಲ್ಲಿ ಒಂದು ಕ್ರಮವಿದೆ. ಅಕ್ಕಪಕ್ಕದ ಎರಡು ಕೊಠಡಿಗಳು ಸಜ್ಜಾಗಿರುತ್ತವೆ. ಮೊದಲು ಕೊಯ್ಯುವುದು ರೋಗಿಯ ಹೊಟ್ಟೆಯನ್ನು. ಯಕೃತ್ತಿನ ಹೊರಗೆ, ದುಗ್ಧಗ್ರಂಥಿಗಳಲ್ಲಿ, ಹೊಟ್ಟೆಯ ಒಳಪದರದಲ್ಲಿ ಎಲ್ಲಿಯಾದರೂ ಕ್ಯಾನ್ಸರ್ ಇದೆಯೇ ಎಂದು ಹುಡುಕುತ್ತಾರೆ, ಅನುಮಾನ ಬಂದ ತುಣುಕನ್ನು ಆಗಲೇ ಪ್ರಯೋಗಾಲಯಕ್ಕೆ ಕಳುಹಿಸಿ ಉತ್ತರಕ್ಕೆ ಕಾಯುತ್ತಾರೆ. ಇಲ್ಲವೆಂದು ತಿಳಿದ ಮೇಲೆಯೇ ಪಕ್ಕದ ಕೊಠಡಿಯಲ್ಲಿ ದಾನಿಯ ಯಕೃತ್ತಿಗೆ ಕತ್ತಿ ತಾಗುತ್ತದೆ. ಇದೆಯೆಂದು ತಿಳಿದರೆ ರೋಗಿಯ ಹೊಟ್ಟೆಯನ್ನು ಹಾಗೆಯೇ ಹೊಲಿದು ಮುಚ್ಚುತ್ತಾರೆ, ದಾನಿಯನ್ನು ವಾರ್ಡಿಗೆ ಹಿಂದಕ್ಕೆ ಕಳುಹಿಸುತ್ತಾರೆ.